ಕೆಟ್ಟ ಗಂಡನಿಲ್ಲದ ಕಥೆಗಳು



ಮದುವೆಯಲ್ಲಿ ಹೆಣ್ಣು ಪಟ್ಟ ಪಾಡಿನ ಕಥೆ ಎಂದೊಡನೆ ಹೊಡೆಯುವ ಗಂಡ, ಹಂಗಿಸುವ ಅತ್ತೆ, ಹಣಕ್ಕೆ ಪೀಡಿಸುವ ಮಾವ ನಮ್ಮ ಕಣ್ಣಮುಂದೆ ಬರುತ್ತಾರೆ. ರವೀಂದ್ರನಾಥ ಠಾಕೂರರು 1891ರಲ್ಲಿ ಬಂಗಾಳಿಯಲ್ಲಿ ಬರೆದ ‘ದೇನಾ ಪಾವನಾ’ ಅಂಥದೊಂದು ಕಥೆ. ವರದಕ್ಷಿಣೆ ಬಾಕಿ ಉಳಿಯಿತೆಂದು ನಿರುಪಮಾ ಎಂಬ ಹುಡುಗಿ ಅತ್ತೆಮನೆಯಲ್ಲಿ ಸೊರಗಿ ಸೊರಗಿ ಸಾಯುತ್ತಾಳೆ. ಅವಳ ಅಂತ್ಯಕ್ರಿಯೆ ಅದ್ಧೂರಿಯಾಗಿ ನಡೆಯುತ್ತದೆ, ಆಮೇಲೆ ಮಗನಿಗೆ ಇನ್ನೂ ದೊಡ್ಡ ಮೊತ್ತದ ಇನ್ನೊಂದು ಸಂಬಂಧ ಗೊತ್ತಾಗುತ್ತದೆ. ಅಲ್ಲಿ ತಪ್ಪು ಯಾರದು ಎಂದು ಓದುಗ ಬೆರಳಿಟ್ಟು ತೋರಿಸಬಹುದು.

ಆದರೆ ಅದೇ ಹತ್ತು ವರ್ಷಗಳೊಳಗೆ ಅಮೆರಿಕದ ಮೂವರು ಲೇಖಕಿಯರು ಬರೆದ ಕಥೆಗಳಲ್ಲಿ ಹೀಗೆ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅಲ್ಲಿ ಗಂಡ ಕುಡುಕನಲ್ಲ, ಕೈಯೆತ್ತುವವನಲ್ಲ, ಪರಸ್ತ್ರೀ ಹಿಂದೆ ಹೋದವನೂ ಅಲ್ಲ. ಒಳ್ಳೆಯವನೇ. ಆದರೂ ಹೆಂಡತಿಗೆ ಉಸಿರು ಕಟ್ಟುತ್ತದೆ. ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಆ ಶತಮಾನದಲ್ಲಿ ಬಂದ ಬರಹಗಳಲ್ಲಿ ಅತ್ಯಂತ ಧೈರ್ಯದ್ದು ಇದೇ ಎಂದು ನನ್ನ ನಂಬಿಕೆ.

ಕಥೆಗೆ ಹೋಗುವ ಮುಂಚೆ ಕಾನೂನಿನ ಮಾತು ಒಂದಿಷ್ಟು ಆಗಲೇಬೇಕು. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಹಳೆಯ ಕಾನೂನಿನ ಪ್ರಕಾರ, ಮದುವೆಯಾದ ಗಳಿಗೆಯಿಂದ ಹೆಂಡತಿ ಕಾನೂನಿನ ಕಣ್ಣಿಗೆ ಬೇರೆ ವ್ಯಕ್ತಿಯಾಗಿ ಕಾಣುತ್ತಿರಲಿಲ್ಲ. ಅವಳ ಸಂಪಾದನೆ ಗಂಡನದು. ಅವಳ ಹೆಸರಿನಲ್ಲಿ ಕರಾರಿಲ್ಲ, ದಾವೆಯಿಲ್ಲ. ನ್ಯೂಯಾರ್ಕ್ ರಾಜ್ಯ 1848ರಲ್ಲಿ, ಇಂಗ್ಲೆಂಡ್ 1870 ಮತ್ತು 1882ರಲ್ಲಿ ಕಾಯಿದೆ ಮಾಡಿ ಇದನ್ನು ಸಡಿಲಿಸಿದವು. ಫ್ರೆಂಚ್ ಕಾನೂನಿನ ಪರಂಪರೆಯಿದ್ದ ಲೂಯಿಸಿಯಾನ ರಾಜ್ಯದಲ್ಲಂತೂ ಆ ಶತಮಾನ ಮುಗಿಯುವವರೆಗೂ ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಕರಾರಿಗೆ ಸಹಿ ಹಾಕುವಂತಿರಲಿಲ್ಲ. ಗಂಡ ಸತ್ತರೆ ಹಾಕಬಹುದಿತ್ತು. ತನ್ನ ಹೆಸರಿನಲ್ಲಿ ತಾನೇ ವ್ಯವಹಾರ ಮಾಡುವ ಹಕ್ಕು ಅವಳಿಗೆ ಸಾಮಾನ್ಯವಾಗಿ ವಿಧವೆಯಾದ ಮೇಲೆ ಬರುತ್ತಿತ್ತು.

ಈ ಮೂವರು ಲೇಖಕಿಯರಲ್ಲಿ ಒಬ್ಬರಾದ ಕೇಟ್ ಶೋಪಾನ್ ಇದನ್ನು ಬದುಕಿನಲ್ಲೇ ಕಂಡವರು. 1850ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿದ ಈಕೆಗೆ ಐದು ವರ್ಷವಾಗಿದ್ದಾಗ ರೈಲು ಸೇತುವೆ ಕುಸಿದು ತಂದೆ ತೀರಿಕೊಂಡರು. ತಾಯಿ, ಅಜ್ಜಿ, ಮುತ್ತಜ್ಜಿ, ಮೂವರೂ ವಿಧವೆಯರು. ಅವರ ನಡುವೆಯೇ ಬೆಳೆದರು. ಮದುವೆಯಾಗಿ ಲೂಯಿಸಿಯಾನಕ್ಕೆ ಹೋದರು. 1882ರಲ್ಲಿ ಗಂಡ ಮಲೇರಿಯಾದಿಂದ ತೀರಿಕೊಂಡಾಗ ಆಕೆಗೆ 32 ವರ್ಷ, ಆರು ಮಕ್ಕಳು, ತಲೆಯ ಮೇಲೆ ಸಾಲ. ಹಳ್ಳಿಯ ಅಂಗಡಿಯನ್ನೂ ಜಮೀನನ್ನೂ ತಾವೇ ನಡೆಸಿ, ಆಮೇಲೆ ತವರೂರಿಗೆ ಮರಳಿ ಬರೆಯಲು ಕೂತರು.

ಆಕೆಯ ‘ದಿ ಸ್ಟೋರಿ ಆಫ್ ಆನ್ ಅವರ್’ 1894ರ ಡಿಸೆಂಬರ್‌ನಲ್ಲಿ ವೋಗ್ ಪತ್ರಿಕೆಯಲ್ಲಿ ಬಂತು. ಮೂರು ಪುಟ ದಾಟದ ಕಥೆ. ಲೂಯಿಸ್ ಮಲಾರ್ಡ್ ಹೃದ್ರೋಗಿ. ರೈಲು ಅಪಘಾತದಲ್ಲಿ ಅವಳ ಗಂಡ ಸತ್ತನೆಂಬ ಸುದ್ದಿಯನ್ನು ಸಹೋದರಿ ಮೆಲ್ಲಗೆ, ತಡವರಿಸುತ್ತಾ ತಿಳಿಸುತ್ತಾಳೆ. ಲೂಯಿಸ್ ತಡಮಾಡದೆ ಗೋಳೋ ಎಂದು ಅಳುತ್ತಾಳೆ. ಆ ಅಳು ಸುಳ್ಳಲ್ಲ. ಅತ್ತು ಮುಗಿಸಿ ಒಬ್ಬಳೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ತೆರೆದ ಕಿಟಕಿಯ ಮುಂದೆ ಕೂರುತ್ತಾಳೆ. ಹೊರಗೆ ಮರಗಳು ಚಿಗುರಿವೆ, ಮಳೆಯ ವಾಸನೆಯಿದೆ, ಕೆಳಗೆ ಬೀದಿಯಲ್ಲಿ ಮಾರುವವನೊಬ್ಬ ಕೂಗುತ್ತಿದ್ದಾನೆ. ಆಗ ಅವಳೊಳಗೆ ಏನೋ ಏರಿಬರುತ್ತದೆ. ಅವಳಿಗೆ ಅದರ ಭಯ. ಹಿಂದಕ್ಕೆ ತಳ್ಳಲು ನೋಡುತ್ತಾಳೆ, ಕೈಲಾಗುವುದಿಲ್ಲ. ಕೊನೆಗೆ ತಾನಿನ್ನು ಸ್ವತಂತ್ರಳು ಎಂಬ ಮಾತು ತುಟಿಗೆ ಬಂದೇಬಿಡುತ್ತದೆ.

ಗಂಡನ ಬಗ್ಗೆ ಅವಳ ಮನಸ್ಸಿನಲ್ಲಿರುವುದು ಏನು ಗೊತ್ತೇ? ಅವನ ಮೃದುವಾದ ಕೈಗಳು. ತನ್ನನ್ನು ಎಂದೂ ಪ್ರೀತಿಯಿಂದಲ್ಲದೆ ನೋಡದ ಅವನ ಮುಖ. ಆ ಮುಖವನ್ನು ಶವವಾಗಿ ಕಂಡಾಗ ಮತ್ತೆ ಅಳುತ್ತೇನೆಂದು ಅವಳಿಗೆ ಗೊತ್ತು. ಅವಳು ಅವನನ್ನು ಕೆಲವೊಮ್ಮೆ ಪ್ರೀತಿಸಿದ್ದಳು, ಎಷ್ಟೋ ಸಲ ಇಲ್ಲ. ಆದರೂ ಒಬ್ಬರ ಇಚ್ಛೆಯನ್ನು ಇನ್ನೊಬ್ಬರ ಮೇಲೆ ಹೇರುವುದು ಒಳ್ಳೆಯ ಮನಸ್ಸಿನಿಂದಾದರೂ ಅಪರಾಧವೇ ಎಂದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯುತ್ತದೆ. ಮುಂದೆ ಬರುವ ವರ್ಷಗಳು ತನ್ನವು. ನಿನ್ನೆಯವರೆಗೂ ಆಯುಸ್ಸು ಉದ್ದವಾಗಿಬಿಟ್ಟೀತೆಂದು ನಡುಗುತ್ತಿದ್ದವಳು ಈಗ ದೀರ್ಘಾಯುಸ್ಸು ಕೇಳಿಕೊಳ್ಳುತ್ತಾಳೆ.

ಮೆಟ್ಟಿಲಿಳಿದು ಬರುವ ಹೊತ್ತಿಗೆ ಮುಂಬಾಗಿಲು ತೆರೆಯುತ್ತದೆ. ಒಳಗೆ ಬಂದವನು ಗಂಡ. ಅಪಘಾತದ ಸ್ಥಳದಿಂದ ಎಷ್ಟೋ ದೂರವಿದ್ದವನಿಗೆ ಅಪಘಾತವಾಗಿದ್ದೇ ಗೊತ್ತಿಲ್ಲ. ಲೂಯಿಸ್ ಅಲ್ಲೇ ಸಾಯುತ್ತಾಳೆ. ಗಂಡ ಬದುಕಿ ಬಂದ ಸಂತೋಷ ತಾಳಲಾರದೆ ಹೃದಯ ನಿಂತಿತೆಂದು ವೈದ್ಯರು ತೀರ್ಮಾನಿಸುತ್ತಾರೆ. ಅವಳ ಕೋಣೆಯಲ್ಲಿ ಏನು ನಡೆಯಿತೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಓದುಗರಿಗೆ ಮಾತ್ರ ಗೊತ್ತು. ಗಂಡನ ಸಾವಿನಲ್ಲಿ ಬಿಡುಗಡೆ ಕಂಡ ಹೆಂಗಸು ಕಥೆಯ ಕೊನೆಗೂ ಬದುಕಿ ಉಳಿದಿದ್ದರೆ 1894ರಲ್ಲಿ ಆ ಕಥೆಯನ್ನು ಅಚ್ಚುಹಾಕುವ ಸಂಪಾದಕರು ಸಿಗುತ್ತಿದ್ದರೋ ಇಲ್ಲವೋ. ಶೋಪಾನ್ ಅವಳನ್ನು ಕೊಂದರು, ಆದರೆ ಅವಳಿಗೆ ಆ ಒಂದು ಗಂಟೆಯನ್ನು ಪೂರ್ತಿಯಾಗಿ ಕೊಟ್ಟರು.

ಎರಡನೆಯದು ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಅವರ ‘ದಿ ಯೆಲ್ಲೋ ವಾಲ್‌ಪೇಪರ್’, 1892ರದ್ದು. ಇಲ್ಲಿ ಗಂಡ ವೈದ್ಯ, ಹೆಂಡತಿ ಬಾಣಂತಿ. ಅವಳ ಮನಸ್ಸಿಗೆ ಮಂಕು ಕವಿದಿದೆ. ವಿಶ್ರಾಂತಿಗೆಂದು ಬಾಡಿಗೆ ಬಂಗಲೆಯ ಮೇಲಂತಸ್ತಿನ ಕೋಣೆಯಲ್ಲಿ ಅವಳನ್ನು ಇರಿಸುತ್ತಾನೆ. ಬರೆಯಬಾರದು, ಹೆಚ್ಚು ಯೋಚಿಸಬಾರದು, ಜನರೊಡನೆ ಬೆರೆಯಬಾರದು. ಈ ಕೋಣೆ ಬೇಡ ಎಂದರೆ ನಗುತ್ತಾನೆ, ಮಗುವನ್ನು ಮುದ್ದುಮಾಡುವ ಹಾಗೆ ಅವಳನ್ನು ರಮಿಸುತ್ತಾನೆ. ಕಿಟಕಿಗೆ ಸರಳು, ಗೋಡೆಗೆ ಕೊಳಕು ಹಳದಿ ಕಾಗದ. ದಿನವಿಡೀ ಅದನ್ನೇ ದಿಟ್ಟಿಸಿ ದಿಟ್ಟಿಸಿ, ಅದರ ಚಿತ್ತಾರದ ಹಿಂದೆ ಹೆಂಗಸೊಬ್ಬಳು ಸಿಕ್ಕಿಕೊಂಡು ಸರಳು ಅಲುಗಾಡಿಸುತ್ತಿರುವುದು ಅವಳಿಗೆ ಕಾಣತೊಡಗುತ್ತದೆ. ಕೊನೆಗೆ ಬಾಗಿಲಿಗೆ ಬೀಗ ಹಾಕಿ, ಕಾಗದ ಹರಿದು, ಕೋಣೆಯ ಸುತ್ತ ತೆವಳುತ್ತಾಳೆ. ಒಳಗೆ ಬಂದ ಗಂಡ ನೋಡಿ ಮೂರ್ಛೆಹೋಗುತ್ತಾನೆ. ಅವಳು ಅವನ ಮೇಲೆ ಹಾದು ತೆವಳುತ್ತಲೇ ಇರುತ್ತಾಳೆ.

ಈ ಚಿಕಿತ್ಸೆ ಕಲ್ಪನೆಯದಲ್ಲ. ಮಗಳು ಹುಟ್ಟಿದ ಮೇಲೆ ಖಿನ್ನತೆಗೆ ಒಳಗಾದ ಗಿಲ್ಮನ್ 1887ರಲ್ಲಿ ಫಿಲಡೆಲ್ಫಿಯಾದ ಹೆಸರಾಂತ ನರರೋಗ ತಜ್ಞ ಡಾಕ್ಟರ್ ವಿಯರ್ ಮಿಚೆಲ್ ಬಳಿ ಹೋಗಿದ್ದರು. ಮನೆವಾರ್ತೆ ನೋಡಿಕೊಂಡಿರು, ಮಗುವನ್ನು ಬಿಟ್ಟಿರಬೇಡ, ಬುದ್ಧಿಗೆ ಕೆಲಸ ಕೊಡುವಂಥದ್ದು ದಿನಕ್ಕೆ ಎರಡು ಗಂಟೆ ಮೀರದಿರಲಿ, ಬದುಕಿರುವವರೆಗೂ ಲೇಖನಿ ಮುಟ್ಟಬೇಡ ಎಂಬುದು ಅವರ ಸಲಹೆ. ಪಾಲಿಸಿದ ಕೆಲವು ತಿಂಗಳಲ್ಲಿ ಬುದ್ಧಿಭ್ರಮಣೆಯ ಅಂಚಿಗೆ ಬಂದ ಗಿಲ್ಮನ್ ಸಲಹೆಯನ್ನು ಎಸೆದು, ಗಂಡನಿಂದ ಬೇರೆಯಾಗಿ, ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬರೆದರು. ಕಳೆದುಕೊಂಡ ಶಕ್ತಿಯನ್ನು ಒಂದಿಷ್ಟಾದರೂ ಮರಳಿ ಪಡೆಯಲು ಬರವಣಿಗೆಯೇ ಅವರಿಗೆ ನೆರವಾಯಿತು. ಬಾಣಂತಿಯ ದುಃಖವನ್ನು ‘ಎಲ್ಲ ಸರಿಹೋಗುತ್ತೆ’ ಎಂದು ತಳ್ಳಿಹಾಕುವ ಪ್ರತಿಯೊಬ್ಬರೂ, ವೈದ್ಯರಂತೂ ಮೊದಲಾಗಿ, ಈ ಕಥೆಯನ್ನು ಓದಬೇಕು.

ಮೂರನೆಯದರಲ್ಲಿ ಸಾವಿಲ್ಲ, ಹುಚ್ಚಿಲ್ಲ. ಮೇರಿ ವಿಲ್ಕಿನ್ಸ್ ಫ್ರೀಮನ್ 1890ರಲ್ಲಿ ಬರೆದ ‘ದಿ ರಿವೋಲ್ಟ್ ಆಫ್ ಮದರ್’ನಲ್ಲಿ ಸಾರಾ ಪೆನ್ ಎಂಬ ರೈತನ ಹೆಂಡತಿ ಇದ್ದಾಳೆ. ಮದುವೆಯಾದಾಗ ಗಂಡ ಹೊಸ ಮನೆ ಕಟ್ಟಿಸುತ್ತೇನೆಂದಿದ್ದ. ನಲವತ್ತು ವರ್ಷ ಕಳೆದು, ಮಗಳ ಮದುವೆ ಹತ್ತಿರ ಬಂದಿರುವಾಗ, ಆ ಮನೆಗೆಂದು ತೋರಿಸಿದ್ದ ಜಾಗದಲ್ಲೇ ದನಕ್ಕೆ ಇನ್ನೊಂದು ಕೊಟ್ಟಿಗೆ ಕಟ್ಟುತ್ತಾನೆ. ಅವಳು ಎಲ್ಲವನ್ನೂ ಎದುರು ನಿಂತು ಹೇಳುತ್ತಾಳೆ. ಅವನು ತುಟಿ ಬಿಚ್ಚುವುದಿಲ್ಲ. ಕುದುರೆ ಕೊಳ್ಳಲು ಅವನು ಪರವೂರಿಗೆ ಹೋದಾಗ, ಮಕ್ಕಳ ಜೊತೆ ಸೇರಿ ಪಾತ್ರೆ ಪಡಗ, ಹಾಸಿಗೆ, ಒಲೆ ಎಲ್ಲವನ್ನೂ ಹೊಸ ಕೊಟ್ಟಿಗೆಗೆ ಸಾಗಿಸಿ ಸಂಸಾರ ಹೂಡುತ್ತಾಳೆ. ಬುದ್ಧಿ ಹೇಳಲು ಬಂದ ಪಾದ್ರಿಗೆ ಉತ್ತರ ಕೊಟ್ಟು ಕಳಿಸುತ್ತಾಳೆ. ಗಂಡ ಬಂದಾಗ ಅವನಿಗಿಷ್ಟವಾದ ಊಟ ಬಡಿಸುತ್ತಾಳೆ. ಉಂಡ ಮೇಲೆ ಆ ಮುದುಕ ಅಳುತ್ತಾನೆ. ಅವಳಿಗೆ ಇದು ಇಷ್ಟು ಬೇಕಾಗಿತ್ತೆಂದು ತನಗೆ ತಿಳಿದೇ ಇರಲಿಲ್ಲ ಎನ್ನುತ್ತಾನೆ. ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದವನ ಮಾತು ಇದು, ಮತ್ತು ಅವನು ಹೇಳಿದ್ದು ನಿಜ. ಇದಕ್ಕಿಂತ ದುಃಖದ ಮಾತನ್ನು ನಾನು ಈ ಮೂರು ಕಥೆಗಳಲ್ಲಿ ಬೇರೆಲ್ಲೂ ಕಾಣೆ.

ಮೂವರ ಬದುಕು ಮೂರು ದಾರಿ ಹಿಡಿಯಿತು. ಗಿಲ್ಮನ್ ವಿಚ್ಛೇದನ ಪಡೆದು, 1898ರಲ್ಲಿ ಹೆಂಗಸರ ಆರ್ಥಿಕ ಪರಾಧೀನತೆಯ ಬಗ್ಗೆ ದೊಡ್ಡ ಗ್ರಂಥ ಬರೆದರು. ಶೋಪಾನ್ ಅವರ ‘ದಿ ಅವೇಕನಿಂಗ್’ ಕಾದಂಬರಿ 1899ರಲ್ಲಿ ಬಂದಾಗ ವಿಮರ್ಶಕರು ಅದನ್ನು ಅನೈತಿಕವೆಂದು ಜರೆದರು. ಐದು ವರ್ಷದಲ್ಲಿ ಆಕೆ ತೀರಿಕೊಂಡರು, ಹೆಸರು ದಶಕಗಳ ಕಾಲ ಮರೆಗೆ ಸರಿಯಿತು. ಫ್ರೀಮನ್ 49ನೇ ವಯಸ್ಸಿನಲ್ಲಿ ಮದುವೆಯಾದರು. ಆ ಗಂಡ ಕುಡಿತಕ್ಕೆ ಬಿದ್ದು, ದಾಂಪತ್ಯ ಮುರಿಯಿತು. ಮರೆತುಹೋದ ಇವರ ಕಥೆಗಳನ್ನು ಹೆಚ್ಚಾಗಿ 1960 ಮತ್ತು 70ರ ದಶಕಗಳಲ್ಲಿ ಹುಡುಕಿ ಮತ್ತೆ ಅಚ್ಚುಹಾಕಿಸಲಾಯಿತು.

ಮೂರೂ ಕಥೆಗಳನ್ನು ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು. ಕೇಳುಗರಲ್ಲಿ ನನ್ನ ವಿನಂತಿ ಇಷ್ಟೆ: ಗಂಡ ಹೆಂಡತಿ ಇಬ್ಬರೂ ಓದಿ. ತಾನು ಒಳ್ಳೆಯ ಗಂಡ ಎಂಬ ನೆಮ್ಮದಿಯಲ್ಲಿರುವವರು ಮೊದಲು ಓದಿ, ಓದಿದ ಮೇಲೆ ಹೆಂಡತಿಯ ಮಾತಿಗೆ ಸ್ವಲ್ಪ ಹೊತ್ತು ಬಿಡುವು ಮಾಡಿಕೊಳ್ಳಿ.