ಮೊಣಕಾಲಿನ ಪರೀಕ್ಷೆಯೂ ಮನಸ್ಸಿನ ಧೈರ್ಯವೂ

(ನಮ್ಮ ಶಾಲೆಯ ಪಾಲಕರ ಸಮ್ಮೇಳನದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇಂದು ಪರೀಕ್ಷೆಯ ವಿಷಯವಾಗಿ ಎರಡು ಮಾತುಗಳನ್ನಾಡಬೇಕೆಂದಿದ್ದೇನೆ. ವಿದ್ಯಾರ್ಥಿಗಳು ಗಾಬರಿಪಡಬೇಕಾಗಿಲ್ಲ. ನಾನು ಹೇಳಹೊರಟಿರುವುದು ವಾರ್ಷಿಕ ಪರೀಕ್ಷೆಯನ್ನು ಕುರಿತಲ್ಲ, ಎಂ. ಆರ್. ಐ. ಎಂಬ ವೈದ್ಯಕೀಯ ಪರೀಕ್ಷೆಯನ್ನು ಕುರಿತು. ಆ ಪರೀಕ್ಷೆಯಲ್ಲಿ ನಾನೇ ಒಮ್ಮೆ ಅನುತ್ತೀರ್ಣನಾದೆ. ಆ ಕಥೆಯನ್ನು ಮೊದಲು ನಿವೇದಿಸುತ್ತೇನೆ.

ಕಳೆದ ವರ್ಷ ನಮ್ಮ ಅಂಗಳದಲ್ಲಿ ಕಬಡ್ಡಿ ಆಡುತ್ತಿದ್ದಾಗ ಒಂಬತ್ತನೆಯ ಇಯತ್ತೆಯ ಬಾಲಕನೊಬ್ಬನ ಮೊಣಕಾಲು ತಿರುಚಿತು. ಕ್ಷಕಿರಣದ ಚಿತ್ರದಲ್ಲಿ ಎಲುಬು ಮುರಿದಂತೆ ಕಾಣಲಿಲ್ಲ. ಆದರೂ ಬಾವು ಇಳಿಯಲಿಲ್ಲ, ಕಾಲು ನಿಲ್ಲಲಿಲ್ಲ. ಎಂ. ಆರ್. ಐ. ಮಾಡಿಸಬೇಕೆಂದು ವೈದ್ಯರು ಹೇಳಿದರು. ನಮ್ಮ ಜತ್ತ ತಾಲೂಕಿನಿಂದ ಅವನನ್ನೂ ಅವನ ತಾಯಿಯನ್ನೂ ಕರೆದುಕೊಂಡು ನಾನು ಮೀರಜಕ್ಕೆ ಹೋದೆ. ದಾರಿಯಲ್ಲಿ ಬಾಲಕನು, “ಏನ್ ಮಾಡ್ತಾರ್ರೀ ಸರ್?” ಎಂದು ಕೇಳಿದ. “ಏನೂ ಇಲ್ಲಪ್ಪಾ, ಫೋಟೋ ತೆಗೆದ ಹಾಗೆ” ಎಂದೆ. ಇದೇ ನನ್ನ ತಪ್ಪು.

ಬಾಲಕನನ್ನು ಯಂತ್ರದೊಳಗೆ ಸರಿಸಿದ ಸ್ವಲ್ಪ ಹೊತ್ತಿಗೆ ಕಮ್ಮಾರಸಾಲೆಯ ಸುತ್ತಿಗೆಯಂತೆ ಸಪ್ಪಳ ಆರಂಭವಾಯಿತು. ಅವನು ಬೆಚ್ಚಿ ಕಾಲು ಜಗ್ಗಿದ. ಚಿತ್ರಗಳು ಕದಡಿಹೋದವು. ಹೊರಗೆ ಬಂದವನು ನನ್ನ ಕಡೆ ನೋಡಿ, “ಏನೂ ಇಲ್ಲ ಅಂದಿದ್ರೆಲ್ಲಾ ಸರ್” ಎಂದ. ನಾನು ತಲೆ ತಗ್ಗಿಸಿದೆ.

ಅಥಣಿ ಕಡೆಯ ದಾದಿಯೊಬ್ಬರು ಅಲ್ಲಿದ್ದರು. ಅವರು ಬಾಲಕನ ಬಳಿ ಕುಳಿತು ಹೇಳಿದರು: “ತಮ್ಮಾ, ಸಪ್ಪಳ ಭಾಳ ಜೋರ ಬರ್ತೈತಿ, ಸುಳ್ಳ ಹೇಳೂದಿಲ್ಲ. ಆದ್ರ ಅದು ನಿನ್ನ ಮುಟ್ಟೂದಿಲ್ಲ. ಸೂಜಿ ಇಲ್ಲ, ಕೊಯ್ಯೂದಿಲ್ಲ. ನಿನ್ನ ತಲಿ ಹೊರಗ ಇರ್ತೈತಿ. ಈ ರಬ್ಬರ್ ಚೆಂಡು ಹಿಚುಕಿದ್ರ ನಾವು ಓಡಿ ಬರ್ತೀವಿ.” ಬಾಲಕನಿಗೆ ಮರಾಠಿ ಬರುತ್ತದೆ, ಆದರೆ ಭಯದ ಹೊತ್ತಿನಲ್ಲಿ ಮನಸ್ಸಿಗೆ ಮುಟ್ಟುವುದು ತಾಯ್ನುಡಿಯೇ. ಅವರು ಅವನ ಕಿವಿಗೆ ಬಿರಡೆ ಇಟ್ಟರು, ಮೊಣಕಾಲಿನ ಇಕ್ಕೆಲಗಳಲ್ಲಿ ಮೆತ್ತೆ ಇರಿಸಿದರು, ಆ ಕೋಣೆ ತಣ್ಣಗಿದ್ದುದರಿಂದ ಕಂಬಳಿ ಹೊದಿಸಿದರು. ಪ್ರತಿಯೊಂದು ಸುತ್ತಿಗೂ ಮೊದಲು, ಇನ್ನು ಎಷ್ಟು ನಿಮಿಷವೆಂದು ಹೇಳಿದರು. ಎರಡನೆಯ ಸಲ ಬಾಲಕನು ಕಲ್ಲಿನಂತೆ ಅಲುಗದೆ ಮಲಗಿದ. ಮೊಣಕಾಲಿನ ಅಸ್ಥಿರಜ್ಜು ಹರಿದಿರುವುದು ಚಿತ್ರದಲ್ಲಿ ಸ್ಪಷ್ಟವಾಗಿ ಕಂಡಿತು. ಯೋಗ್ಯ ಚಿಕಿತ್ಸೆ ದೊರೆಯಿತು.

ವಿದ್ಯಾರ್ಥಿಗಳೇ, ಈ ಯಂತ್ರದ ಗುಟ್ಟೇನು? ಅದೊಂದು ಮಹಾ ಅಯಸ್ಕಾಂತ. ಅನೇಕ ಆಸ್ಪತ್ರೆಗಳಲ್ಲಿರುವ ಯಂತ್ರದ ಬಲ 1.5 ಟೆಸ್ಲಾ, ಅಂದರೆ ನಮ್ಮ ಭಾಗದಲ್ಲಿ ಭೂಮಿಗಿರುವ ಕಾಂತಬಲದ 30,000 ಪಟ್ಟಿಗೂ ಅಧಿಕ. ನಮ್ಮ ಶರೀರದಲ್ಲಿ ನೀರಿದೆ, ನೀರಿನಲ್ಲಿ ಜಲಜನಕವಿದೆ. ಕಾಂತದೊಳಗೆ ಆ ಜಲಜನಕದ ಬೀಜಕಣಗಳನ್ನು ರೇಡಿಯೋ ಅಲೆಗಳಿಂದ ತಟ್ಟಿದರೆ ಅವು ಮರುದನಿ ಕೊಡುತ್ತವೆ. ಆ ಮರುದನಿಯಿಂದ ಗಣಕಯಂತ್ರವು ಚಿತ್ರ ಬರೆಯುತ್ತದೆ. ಕ್ಷಕಿರಣದಲ್ಲಿ ಎದ್ದು ಕಾಣದ ರಜ್ಜು, ಮೃದ್ವಸ್ಥಿಗಳು ಹೀಗೆ ಕಾಣುತ್ತವೆ. ಇದರಲ್ಲಿ ಕ್ಷಕಿರಣದ ಬಳಕೆಯೇ ಇಲ್ಲ. ಈ ವಿದ್ಯೆಗಾಗಿ ಅಮೇರಿಕೆಯ ಪಾಲ್ ಲಾಟರ್ಬರ್ ಹಾಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರು 2003ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಸಪ್ಪಳವಾದರೋ, ತಂತಿಯ ಸುರುಳಿಗಳಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ಬದಲಾಗುವಾಗ ಅವು ಕಂಪಿಸುವುದರಿಂದ ಉಂಟಾಗುವುದು. ಕಾರಣ ತಿಳಿದ ಸಪ್ಪಳವು ಅರ್ಧ ಭಯವನ್ನು ಕಳೆದುಕೊಳ್ಳುತ್ತದೆ.

ಪಾಲಕರಲ್ಲಿ ಕೆಲವು ವಿನಂತಿಗಳು. ಮೊಣಕಾಲಿನ ಪರೀಕ್ಷೆಗೆ ಸಾಮಾನ್ಯವಾಗಿ ಕಾಲು ಮುಂದಾಗಿ ಒಳಗೆ ಸರಿಸುತ್ತಾರೆ. ಸುಮಾರು ಅರ್ಧ ತಾಸು ಹಿಡಿಯುತ್ತದೆ. ಅಷ್ಟು ಹೊತ್ತು ಅಲುಗದೆ ಇರಬೇಕಾದ್ದರಿಂದ ಮೊದಲೇ ಶೌಚಕ್ಕೆ ಹೋಗಿಬರಲಿ. ನೋವಿದ್ದರೆ ಮಲಗಿಸುವಾಗಲೇ ತಿಳಿಸಿರಿ. ಮೆತ್ತೆ ಸರಿಪಡಿಸಲು ಅದೇ ಸಮಯ. ಅನುಮತಿ ಕೇಳಿ ಒಬ್ಬರು ಮಗುವಿನ ಹತ್ತಿರ ನಿಲ್ಲಬಹುದು. ಆದರೆ ಗಡಿಯಾರ, ಮೊಬೈಲು, ಬೀಗದ ಕೈ, ಕೂದಲಿನ ಪಿನ್ನು, ಉಡುದಾರದ ತಾಯಿತ ಎಲ್ಲವನ್ನೂ ಹೊರಗೆ ತೆಗೆದಿಡಬೇಕು. ಸಪ್ಪಳ ನಿಂತಿದ್ದರೂ ಕಾಂತ ನಿದ್ರಿಸುವುದಿಲ್ಲ. 2018ರ ಜನವರಿಯಲ್ಲಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ, ಪ್ರಾಣವಾಯುವಿನ ಸಿಲಿಂಡರು ಹಿಡಿದು ಒಳಹೊಕ್ಕ ರೋಗಿಯ ಬಂಧುವೊಬ್ಬನು ಆ ಸೆಳೆತಕ್ಕೆ ಸಿಕ್ಕಿ ಪ್ರಾಣವನ್ನೇ ಕಳೆದುಕೊಂಡನು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದ್ದರೆ, ಶರೀರದಲ್ಲಿ ಲೋಹದ ಪಟ್ಟಿ ಇದ್ದರೆ, ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿದ್ದರೆ, ಗರ್ಭಿಣಿಯಾಗಿದ್ದರೆ ಮುಚ್ಚಿಡದೆ ಹೇಳಿರಿ. ಒಳಗೆ ಬರುವ ಜೊತೆಯವರಿಗೂ ಇದೇ ನಿಯಮ.

ಎಲ್ಲಕ್ಕಿಂತ ಮುಖ್ಯವಾದ ವಿನಂತಿ ಇದು. ಮಗುವಿಗೆ “ಏನೂ ಆಗುವುದಿಲ್ಲ” ಎಂದಷ್ಟೇ ಹೇಳಿ ಸುಮ್ಮನಾಗಬೇಡಿರಿ. ಏನಾಗುತ್ತದೆ, ಏನಾಗುವುದಿಲ್ಲ, ಎಷ್ಟು ಹೊತ್ತು, ಬೇಡವೆನಿಸಿದರೆ ಏನು ಮಾಡಬೇಕು ಎಂಬುದನ್ನು ಅದರ ಮಾತಿನಲ್ಲಿ ಹೇಳಿರಿ. ನಾವು ಹಿರಿಯರು ಪ್ರೀತಿಯಿಂದಲೇ ಸುಳ್ಳು ಹೇಳುತ್ತೇವೆ. ಆದರೆ ಅದು ಬಯಲಾದ ಕ್ಷಣದಲ್ಲಿ ಮಗುವು ಒಂಟಿಯಾಗುತ್ತದೆ. ನಿಜವನ್ನು ಮೆಲ್ಲಗೆ ಹೇಳಿದರೆ ಮಗುವಿಗೆ ಅದೇ ಊರುಗೋಲಾಗುತ್ತದೆ.

ಆ ಬಾಲಕನು ಈ ವರ್ಷ ಕಬಡ್ಡಿ ಆಡಲಿಲ್ಲ. ಗೆರೆಯ ಬಳಿ ಕುಳಿತು ಅಂಕಗಳನ್ನು ಬರೆದುಕೊಂಡ. ಮೊನ್ನೆ ಐದನೆಯ ಇಯತ್ತೆಯ ಹುಡುಗನೊಬ್ಬನ ಗಾಯಕ್ಕೆ ಔಷಧ ಹಚ್ಚುತ್ತಿದ್ದಾಗ ಅವನು ಹೇಳಿದ್ದನ್ನು ನಾನು ಕೇಳಿಸಿಕೊಂಡೆ: “ಸ್ವಲ್ಪ ಉರಿತೈತಿ, ಹತ್ತು ಎಣಿಸೂದ್ರಾಗ ಹೋಗ್ತೈತಿ.” ನಾನು ಕಲಿಸಲಾಗದ ಪಾಠವನ್ನು ಅವನು ಆ ದಾದಿಯಿಂದ ಕಲಿತಿದ್ದಾನೆ. ನಾನೂ ಅವರಿಂದಲೇ ಕಲಿತೆ.