ಸರ್ವರ್ ಸೋತಾಗ ಸುಳ್ಳು ಹೇಳಬಾರದು
(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಒಂದು ತಪ್ಪಿನ ಸಂಗತಿಯಿಂದ ಮಾತು ಆರಂಭಿಸುತ್ತೇನೆ. ತಪ್ಪು ನನ್ನದೇ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ವಿದ್ಯಾರ್ಥಿವೇತನದ ಅರ್ಜಿ ಸ್ವೀಕರಿಸುವ ವೆಬ್ ಎಪಿಐ ಬರೆದುಕೊಟ್ಟಿದ್ದೆ. ಎಪಿಐ ಎಂದರೆ ತಾಲ್ಲೂಕು ಕಚೇರಿಯ ಕಿಟಕಿ ಇದ್ದ ಹಾಗೆ. ಮೊಬೈಲಿನ ಆ್ಯಪ್ ಹೊರಗೆ ನಿಂತು ಅರ್ಜಿ ಕೊಡುತ್ತದೆ, ಒಳಗಿನ ಸರ್ವರ್ ಉತ್ತರ ಹೇಳುತ್ತದೆ. ಕೊನೆಯ ದಿನ ಡೇಟಾಬೇಸಿನ ಸಂಪರ್ಕ ಕಡಿದುಹೋಯಿತು. ಕೋಡಿನಲ್ಲಿ ಟ್ರೈ-ಕ್ಯಾಚ್ ಹಾಕಿದ್ದೆ, ಆದರೆ ಕ್ಯಾಚ್ ಒಳಗೆ ಏನೂ ಬರೆದಿರಲಿಲ್ಲ. ಹಾಗಾಗಿ ಸರ್ವರ್ 200, ಅಂದರೆ ‘ಎಲ್ಲ ಸರಿಯಾಗಿದೆ’ ಎಂದೇ ಉತ್ತರಿಸಿತು. ಹೊಸಕೋಟೆ ಕಡೆಯ ಹುಡುಗಿಯೊಬ್ಬಳು ‘ಅರ್ಜಿ ಸ್ವೀಕರಿಸಲಾಗಿದೆ’ ಎಂಬುದನ್ನು ನೋಡಿ ನೆಮ್ಮದಿಯಾಗಿ ಮನೆಗೆ ಹೋದಳು. ಪಟ್ಟಿ ಬಂದಾಗ ಅವಳ ಹೆಸರಿರಲಿಲ್ಲ. ಹುಡುಕಿದರೆ ಅರ್ಜಿಯೇ ಇರಲಿಲ್ಲ. ಅವಳ ತಂದೆ ನನ್ನನ್ನು ಬೈಯಲಿಲ್ಲ. “ಆಗಲಿಲ್ಲ ಅಂತ ಆವತ್ತೇ ಹೇಳಿದ್ದರೆ ಕಾಗದದ ಅರ್ಜಿ ಹಿಡಿದುಕೊಂಡು ಬರ್ತಿದ್ವಲ್ಲ ಸಾರ್” ಎಂದರು, ಅಷ್ಟೇ.

ದೊಡ್ಡಬಳ್ಳಾಪುರದವರಿಗೆ ವಿದ್ಯುತ್ ಮಗ್ಗ ಗೊತ್ತಿದೆ. ಹೊಕ್ಕಿನ ನೂಲು ಕಡಿದರೆ ಮಗ್ಗ ತಾನಾಗಿ ನಿಲ್ಲುವ ಏರ್ಪಾಡು ಇರುತ್ತದೆ. ಖಾಲಿ ಕ್ಯಾಚ್ ಬರೆಯುವುದೆಂದರೆ ಆ ಏರ್ಪಾಡನ್ನು ಕಿತ್ತುಹಾಕಿ ಮಗ್ಗ ಓಡಿಸಿದಂತೆ.

ಎಚ್‌ಟಿಟಿಪಿಯಲ್ಲಿ ಉತ್ತರದ ಸಂಖ್ಯೆಗಳಿಗೆ ಅರ್ಥವಿದೆ. 4ರಿಂದ ಆರಂಭವಾಗುವುದು ಕಳುಹಿಸಿದವರ ಕಡೆಯ ದೋಷ. ಪಿನ್‌ಕೋಡ್‌ನಲ್ಲಿ ಒಂದು ಅಂಕಿ ಕಡಿಮೆಯಿದ್ದರೆ 400 ಅಥವಾ 422 ಕೊಟ್ಟು, ಯಾವ ಕಲಂ ತಪ್ಪಿದೆ ಎಂದು ತಿಳಿಸಬೇಕು. 5ರಿಂದ ಆರಂಭವಾಗುವುದು ನಮ್ಮ ದೋಷ. ಅನಿರೀಕ್ಷಿತವಾಗಿ ಕೋಡ್ ಮುರಿದರೆ 500, ಸೇವೆ ತಾತ್ಕಾಲಿಕವಾಗಿ ನಿಂತಿದ್ದರೆ 503. ಅದರ ಜೊತೆ ‘ರಿಟ್ರೈ-ಆಫ್ಟರ್’ ಎಂಬ ಹೆಡರಿನಲ್ಲಿ ಎಷ್ಟು ಹೊತ್ತು ಬಿಟ್ಟು ಬರಬೇಕೆಂದು ಹೇಳಬಹುದು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ಹುಸಿ ಕೋರಿಕೆಗಳ ದಾಳಿ ನಡೆದು ಉಪನೋಂದಣಿ ಕಚೇರಿಗಳಲ್ಲಿ ಕೆಲಸ ನಿಂತಿದ್ದು ನಿಮಗೆ ನೆನಪಿರಬಹುದು. ಅಂಥ ದಿನ ಬಂದೇ ಬರುತ್ತದೆ. ಅಂದು ಸರತಿಯಲ್ಲಿ ನಿಂತವನಿಗೆ ಬೇಕಾದದ್ದು ಕಾಯಬೇಕೋ, ಮನೆಗೆ ಹೋಗಬೇಕೋ ಎಂಬ ಒಂದು ಮಾತು.

ಎಲ್ಲವನ್ನೂ ಬಿಚ್ಚಿ ಹೇಳುವುದೂ ತಪ್ಪೇ. ಟೇಬಲಿನ ಹೆಸರು, ಫೈಲಿನ ದಾರಿ, ಕೋಡಿನ ಸಾಲುಗಳು ಪರದೆಯ ಮೇಲೆ ಬಂದರೆ ಕಳ್ಳನಿಗೆ ಮನೆಯ ನಕ್ಷೆ ಕೊಟ್ಟಂತಾಯಿತು. ಆ ವಿವರ ಲಾಗ್‌ನಲ್ಲಿರಲಿ. ಹೊರಗೆ ಸರಳ ಕನ್ನಡದ ಒಂದು ವಾಕ್ಯ ಮತ್ತು ಒಂದು ದೂರು ಸಂಖ್ಯೆ ಸಾಕು. ಅದೇ ಸಂಖ್ಯೆ ಲಾಗ್‌ನಲ್ಲೂ ಇದ್ದರೆ, ಫೋನ್ ಬಂದಾಗ ನಿಮಿಷದಲ್ಲಿ ಹುಡುಕಬಹುದು. ಇಂಥ ಉತ್ತರ ಹೇಗಿರಬೇಕೆಂಬುದಕ್ಕೆ 2023ರಲ್ಲಿ ಬಂದ ಆರ್‌ಎಫ್‌ಸಿ 9457 ಎಂಬ ಮಾನದಂಡವೇ ಇದೆ, ಓದಿ, ಚಿಕ್ಕದು.

ಹಣದ ವಿಷಯ ಇನ್ನೂ ಸೂಕ್ಷ್ಮ. ಉತ್ತರ ಬಾರದಿದ್ದರೆ ಜನ ಮತ್ತೆ ಗುಂಡಿ ಒತ್ತುತ್ತಾರೆ. ನಾನೂ ಒತ್ತುತ್ತೇನೆ. ಪ್ರತಿ ಕೋರಿಕೆಗೂ ಆ್ಯಪ್ ಒಂದು ವಿಶಿಷ್ಟ ಗುರುತು ಕಳುಹಿಸಿದರೆ, ಅದೇ ಗುರುತು ಎರಡನೇ ಸಲ ಬಂದಾಗ ಸರ್ವರ್ ಹೊಸದಾಗಿ ಹಣ ಕಡಿಯದೆ ಹಳೆಯ ಉತ್ತರವನ್ನೇ ಕೊಡಬಹುದು. ವಿಫಲ ವಹಿವಾಟಿನ ಹಣ ಗಡುವಿನೊಳಗೆ ಹಿಂದಿರುಗದಿದ್ದರೆ ಗ್ರಾಹಕನಿಗೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಯುಪಿಐ, ಎಟಿಎಂ ಮೊದಲಾದವುಗಳಿಗೆ ನಿಯಮ ಮಾಡಿತು. ಅರ್ಜಿ ಕಳೆದುಕೊಂಡ ವಿದ್ಯಾರ್ಥಿಗೆ ಅಂಥ ನಿಯಮ ಯಾವುದೂ ಇಲ್ಲ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಪ್ರಾಜೆಕ್ಟ್ ತೆರೆಯಿರಿ. ಡೇಟಾಬೇಸನ್ನು ಬೇಕೆಂದೇ ನಿಲ್ಲಿಸಿ, ಒಂದು ಅರ್ಜಿ ಕಳುಹಿಸಿ ನೋಡಿ. 200 ಎಂದು ಬಂದರೆ ಮುಂದಿನ ಭಾನುವಾರ ಕೋಡ್ ತೆಗೆದುಕೊಂಡು ಸಂಘದ ಕಚೇರಿಗೆ ಬನ್ನಿ. ಇನ್ಷಾ ಅಲ್ಲಾಹ್, ಕೂತು ಸರಿಮಾಡೋಣ.