ಮಿತ್ರರ ಸಂಧಾನಗಳೂ ಮೈಸೂರಿನ ರಾಣಿಯೂ

ಯುದ್ಧಕಾಲದ ಸಂಧಾನಗಳನ್ನು ನಾವು ಸಾಮಾನ್ಯವಾಗಿ ಮೇಜಿನ ಸುತ್ತ ಕುಳಿತವರ ಹೆಸರುಗಳಿಂದಲೇ ಅರಿಯುತ್ತೇವೆ. 1945ನೆಯ ಫೆಬ್ರವರಿಯಲ್ಲಿ ಯಾಲ್ಟಾ ನಗರದಲ್ಲಿ ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಈ ಮೂವರು ಸೇರಿದುದು ಎಲ್ಲರಿಗೂ ತಿಳಿದ ಸಂಗತಿ. ಚರ್ಚಿಲ್ಲರೊಡನೆ ಮಗಳು ಸಾರಾ, ರೂಸ್‌ವೆಲ್ಟರೊಡನೆ ಮಗಳು ಆನಾ, ಅಮೆರಿಕದ ರಾಯಭಾರಿ ಹ್ಯಾರಿಮನ್ನರೊಡನೆ ಮಗಳು ಕ್ಯಾಥ್ಲೀನ್ ಇದ್ದರೆಂಬುದನ್ನು ಬಲ್ಲವರು ಕಡಮೆ. ತಂದೆಯ ಹೃದ್ರೋಗವನ್ನು ಅರಿತಿದ್ದ ಆನಾ, ಅವರಿಗೆ ಆಯಾಸವಾಗದಂತೆ ಕಾಯುತ್ತಿದ್ದರು. ಎರಡು ತಿಂಗಳಲ್ಲಿ ರೂಸ್‌ವೆಲ್ಟರು ತೀರಿಕೊಂಡರು. ಅದೇ ಸಭೆಯಲ್ಲಿ ಪೋಲೆಂಡಿನ ಪೂರ್ವದ ಗಡಿ ಗೊತ್ತಾಯಿತು. ಪೋಲೆಂಡಿನ ಪ್ರತಿನಿಧಿಗಳು ಮಾತ್ರ ಅಲ್ಲಿರಲಿಲ್ಲ.

ನಮ್ಮ ನಾಡಿಗೂ ಇಂತಹ ಅನುಭವ ಉಂಟು. ಆದರೆ ಇಲ್ಲಿಯ ಸ್ತ್ರೀ ಯಾರ ಸಂಗಡವೂ ಬಂದವರಲ್ಲ. ರಾಜ್ಯದ ಹಕ್ಕೇ ಅವರದಾಗಿದ್ದಿತು. ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರಿಕೊಂಡ ಮೇಲೆ, ಅವರ ರಾಣಿ ಲಕ್ಷ್ಮಮ್ಮಣ್ಣಿಯವರು ಹೈದರನ ಕಾವಲಿನಲ್ಲಿ ಇದ್ದುಕೊಂಡೇ ಇಂಗ್ಲಿಷರೊಡನೆ ಗುಟ್ಟಾಗಿ ವ್ಯವಹರಿಸಿದರು. 1782ನೆಯ ಅಕ್ಟೋಬರ್ 28ರಂದು ಅವರ ಪರವಾಗಿ ಪ್ರಧಾನ ತಿರುಮಲರಾಯನು ತಂಜಾವೂರಿನಲ್ಲಿ ಕಂಪನಿಯ ಸಲಿವನ್ನನೊಡನೆ ಒಪ್ಪಂದ ಮಾಡಿಕೊಂಡನು. ರಾಜ್ಯವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸತಕ್ಕದ್ದು, ಅದಕ್ಕಾಗಿ ರಾಣಿಯವರು ಹಣ ಕೊಡತಕ್ಕದ್ದು ಎಂಬುದು ಅದರ ಸಾರ. 1784ರಲ್ಲಿ ಕಂಪನಿಯು ಮಂಗಳೂರಿನಲ್ಲಿ ಟಿಪ್ಪುವಿನೊಡನೆ ಸಂಧಿ ಮಾಡಿಕೊಂಡಾಗ ಆ ಮಾತು ಮೂಲೆಗೆ ಬಿದ್ದಿತು. ಶತ್ರುವಿನ ಭಯವಿರುವಾಗ ಬೇಕಾದ ಮಿತ್ರರು, ಭಯ ಕಳೆದೊಡನೆ ಬೇಡವಾಗುವರು.

ರಾಣಿಯವರು ಎದೆಗುಂದಲಿಲ್ಲ, ಮತ್ತೆ ಹದಿನೈದು ವರ್ಷ ಕಾದರು. 1799ನೆಯ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಜೂನ್ 22ರಂದು ಕಂಪನಿಯೂ ನಿಜಾಮನೂ ರಾಜ್ಯವನ್ನು ಹಂಚಿಕೊಂಡವು. ಯುದ್ಧದಲ್ಲಿ ಸೇರದಿದ್ದ ಪೇಶ್ವೆಗೂ, ಕೆಲವು ಷರತ್ತುಗಳ ಮೇಲೆ, ಒಂದು ಭಾಗವನ್ನು ಮೀಸಲಿಟ್ಟರು. ಹರಪನಹಳ್ಳಿ, ಸೋಂದೆ, ಆನೆಗೊಂದಿಗಳೊಡನೆ, ದಾವಣಗೆರೆಯ ಇಕ್ಕೆಲಗಳಲ್ಲಿರುವ ಹರಿಹರ, ಮಾಯಕೊಂಡಗಳೂ ಆ ಪಟ್ಟಿಯಲ್ಲಿದ್ದುವು. ಹೈದರನು 1763ರಲ್ಲಿ ಹಿಡಿದ ಮೇಲೆಯೂ ಮರಾಠರ ವಶಕ್ಕೆ ಮೂರು ಸಲ ಹೋಗಿದ್ದ ಹರಿಹರವು, ಈಗ ಒಂದು ಬಾಣವೂ ಹಾರದೆ ಕಾಗದದ ಮೇಲೆ ಕೈ ಬದಲಾಯಿಸಿತು. ಪೇಶ್ವೆಯು ಷರತ್ತನ್ನು ಒಪ್ಪಲಿಲ್ಲ. 1803ನೆಯ ಡಿಸೆಂಬರಿನ ಒಪ್ಪಂದದಿಂದ ಹರಿಹರವೂ ಮಾಯಕೊಂಡವೂ ಮೈಸೂರಿಗೆ ಸೇರಿದುವು. ತುಂಗಭದ್ರೆಯ ತೀರದ ಒಕ್ಕಲಿಗನನ್ನು ಯಾರೂ ಕೇಳಲಿಲ್ಲ.

ಹಂಚಿಕೆಯು ಮುಗಿದ ಎರಡು ದಿನಗಳ ಮೇಲೆ ರಾಣಿಯವರ ಒಪ್ಪಿಗೆಯ ಪತ್ರ ಬಂದಿತು. ಜೂನ್ 30ರಂದು, ಇನ್ನೂ ಐದು ತುಂಬದ ಮೊಮ್ಮಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಜುಲೈ 8ರ ಸಂಧಿಯಂತೆ ವರ್ಷಕ್ಕೆ 7 ಲಕ್ಷ ವರಹ ಸಲ್ಲಿಸಬೇಕಾಯಿತು. ರಾಜ್ಯ ಬಂದಿತು, ಕುಗ್ಗಿ ಬಂದಿತು, ಸ್ವಾತಂತ್ರ್ಯವನ್ನು ತೆತ್ತು ಬಂದಿತು. ಇದನ್ನು ರಾಣಿಯವರ ಸೋಲೆನ್ನೋಣವೆ? ಸೈನ್ಯವಿಲ್ಲದೆ, ಕೋಶವಿಲ್ಲದೆ, ಮನೆತನದ ಹಕ್ಕನ್ನು ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿಸಿಟ್ಟವರಿಗೆ ಆ ಮಾತು ಸಲ್ಲದು.

ಹರಿಹರದ ದೇವಾಲಯದಲ್ಲಿ ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ಸಮಭಾಗಿಗಳು. ರಾಜ್ಯಗಳ ಮೈತ್ರಿಯಲ್ಲಿ ಅಂತಹ ಸಮಪಾಲು ದುರ್ಲಭ. ಆದುದರಿಂದ ಸಂಧಿಪತ್ರಗಳನ್ನು ಓದುವಾಗ, ರುಜು ಹಾಕಿದವರು ಯಾರೆಂಬುದರ ಜೊತೆಗೆ, ಯಾರನ್ನು ಹೊರಗಿಟ್ಟು ರುಜು ಹಾಕಿದರೆಂಬುದನ್ನೂ ನಾವು ವಿಚಾರಿಸತಕ್ಕದ್ದು.